ಪರದೆಯ ಮೇಲೆ ಚೆಂದ, ಕಾಗದದ ಮೇಲೆ ಮಂಕು

ಫೋಟೊ ಪ್ರಿಂಟಿನ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಕಳೆದ ಸಲ ಒಂದು ಸಾಲು ಸೇರಿಸಿದ್ದೆ. ದೀಪಾವಳಿ ಮುಗಿದದ್ದೇ ತಡ, ಪತ್ರಗಳು ಬರತೊಡಗಿದವು. ನ್ಯೂಜೆರ್ಸಿಯ ಮೆಟುಚೆನ್, ಎಡಿಸನ್, ಇಸೆಲಿನ್ ಕಡೆಯವೇ ಹೆಚ್ಚು. ಮೈಸೂರಿನಿಂದಲೂ ಒಂದು ಬಂದಿದೆ. ಬೆಂಗಳೂರಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಹದಿನಾಲ್ಕು ವರ್ಷ ಬಣ್ಣ ನೋಡುವುದೇ ಕೆಲಸವಾಗಿದ್ದವನು ನಾನು. ಈಗ ಮೆಟುಚೆನ್ನಿನ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಮಾನಿಟರ್, ಒಂದು ಪ್ರಿಂಟರ್ ಇಟ್ಟುಕೊಂಡು ಅದನ್ನೇ ಮುಂದುವರಿಸಿದ್ದೇನೆ. ಗೊತ್ತಿದ್ದಷ್ಟು ಹೇಳುತ್ತೇನೆ.

ಮಗಳ ನಾಮಕರಣದ ಫೋಟೊಗಳನ್ನು ಎರಡು ವಾರ ರಾತ್ರಿ ಕೂತು ಲ್ಯಾಪ್‌ಟಾಪಿನಲ್ಲಿ ಎಡಿಟ್ ಮಾಡಿದೆ. ಸ್ಕ್ರೀನಿನಲ್ಲಿ ನೋಡಿದವರೆಲ್ಲ ಹೊಗಳಿದರು. ಲ್ಯಾಬಿನಿಂದ ಬಂದ 8×10 ಪ್ರಿಂಟುಗಳು ಮಾತ್ರ ಕಪ್ಪು ಕಪ್ಪು. ನಮ್ಮ ತಾಯಿ ನೆರಳಿನಲ್ಲಿ ಕೂತಿದ್ದರು, ಅವರ ಮುಖವೇ ಕಾಣುತ್ತಿಲ್ಲ. ಇನ್ನೊಮ್ಮೆ ಹಾಕಿಸಿದೆ, ಹಾಗೇ ಬಂತು. ಲ್ಯಾಬ್ ಬದಲಿಸಲೇ?
— ಒಬ್ಬ ತಂದೆ, ಮೆಟುಚೆನ್

ಬದಲಿಸಬೇಡಿ. ಎರಡು ಸಲವೂ ಒಂದೇ ಥರ ಬಂದಿದೆ ಎಂದರೆ ಲ್ಯಾಬ್ ತನ್ನ ಕೆಲಸವನ್ನು ನೆಟ್ಟಗೆ ಮಾಡುತ್ತಿದೆ ಎಂದೇ ಲೆಕ್ಕ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಎಡಿಟ್ ಮಾಡಿದ ಅದೇ ಕುರ್ಚಿಯಲ್ಲಿ, ಅದೇ ದೀಪದಲ್ಲಿ ಕೂತುಕೊಳ್ಳಿ. ಸ್ಕ್ರೀನಿನ ತುಂಬ ಖಾಲಿ ಬಿಳಿ ಪುಟ ತೆರೆಯಿರಿ. ಪ್ರಿಂಟರಿನಿಂದ ಒಂದು ಬಿಳಿ ಹಾಳೆ ಎಳೆದು ಸ್ಕ್ರೀನಿನ ಪಕ್ಕಕ್ಕೆ ಹಿಡಿಯಿರಿ. ಆ ಹಾಳೆ ರಟ್ಟಿನ ಡಬ್ಬದ ಹಾಗೆ ಬೂದು ಬೂದಾಗಿ ಕಂಡರೆ ನಿಮ್ಮ ಪ್ರಶ್ನೆಗೆ ಉತ್ತರ ಕೈಯಲ್ಲೇ ಇದೆ.

ಪರದೆ ತಾನೇ ಉರಿಯುವ ದೀಪ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯ ಬೆಳಕನ್ನು ಸಾಲ ತಂದು ತೋರಿಸುತ್ತದೆ. ಪರದೆಯ ಪ್ರಕಾಶವನ್ನು ನಿಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಈಗಿನ ಒಳ್ಳೆಯ ಲ್ಯಾಪ್‌ಟಾಪುಗಳು ಪೂರ್ತಿ ಏರಿಸಿದರೆ 400–500 ನಿಟ್ ಕೊಡುತ್ತವೆ. ಓದುವ ಮೇಜಿನ ಮೇಲೆ 500 ಲಕ್ಸ್ ಬೆಳಕು ಬಿದ್ದಾಗ ಬಿಳಿ ಕಾಗದ ಕಣ್ಣಿಗೆ ಕಳಿಸುವುದು ಸುಮಾರು 140 ನಿಟ್ ಅಷ್ಟೇ. ಸಂಜೆ ಹೊತ್ತು ಹಾಲ್‌ನಲ್ಲಿ 150–200 ಲಕ್ಸ್ ಇದ್ದರೆ ಅದೇ ಕಾಗದ 50 ನಿಟ್ ಆಸುಪಾಸಿಗೆ ಇಳಿಯುತ್ತದೆ. ನೀವು 400 ನಿಟ್ಟಿನ ಪರದೆ ನೋಡಿಕೊಂಡು, ಕಣ್ಣು ಕುಕ್ಕುತ್ತದೆ ಎಂದು ಫೋಟೊವನ್ನು ಸ್ವಲ್ಪ ಸ್ವಲ್ಪವೇ ಕತ್ತಲು ಮಾಡುತ್ತಾ ಹೋಗಿದ್ದೀರಿ. ಆ ಕತ್ತಲನ್ನು ಲ್ಯಾಬ್ ಕಾಗದಕ್ಕೆ ಇಳಿಸಿದೆ.

ಬ್ರೈಟ್‌ನೆಸ್ಸನ್ನು ಇಳಿಸಿ. ಪಕ್ಕದಲ್ಲಿ ಹಿಡಿದ ಹಾಳೆಯ ಬಿಳುಪೂ ಪರದೆಯ ಬಿಳುಪೂ ಹೆಚ್ಚುಕಡಿಮೆ ಒಂದೇ ಅನ್ನಿಸುವವರೆಗೆ ಇಳಿಸಿ. ಪ್ರಿಂಟಿಗಾಗಿ ಎಡಿಟ್ ಮಾಡುವವರು ಸಾಮಾನ್ಯವಾಗಿ 80ರಿಂದ 120 ನಿಟ್ ನಡುವೆ ಇಟ್ಟುಕೊಳ್ಳುತ್ತಾರೆ, ನನ್ನದು 100. ಕೋಣೆಯಲ್ಲಿ ಒಂದು ದೀಪ ಇರಲಿ, ಕಗ್ಗತ್ತಲು ಬೇಡ. ಕಿಟಕಿ ನಿಮ್ಮ ಬೆನ್ನ ಹಿಂದೆಯೂ ಬೇಡ, ಪರದೆಯ ಹಿಂದೆಯೂ ಬೇಡ, ಪಕ್ಕಕ್ಕಿರಲಿ. ಸಂಜೆಯಾದಂತೆ ಪರದೆಯನ್ನು ಹಳದಿಗೆ ತಿರುಗಿಸುವ ನೈಟ್ ಶಿಫ್ಟ್, ನೈಟ್ ಲೈಟ್, ಕೋಣೆಯ ಬೆಳಕು ನೋಡಿ ತಾನೇ ಬದಲಾಗುವ ಟ್ರೂ ಟೋನ್, ಆಟೋ ಬ್ರೈಟ್‌ನೆಸ್, ಎಲ್ಲವನ್ನೂ ಆಫ್ ಮಾಡಿ. ರಾತ್ರಿ ಹನ್ನೊಂದಕ್ಕೆ ಎಡಿಟ್ ಮಾಡುವವರ ಮುಕ್ಕಾಲು ಪಾಲು ಗೋಳು ಇವುಗಳದ್ದೇ.

ಈಗಾಗಲೇ ಎಡಿಟ್ ಆದ ಫೋಟೊಗಳಿಗೆ ಏನು ಮಾಡುವುದು? ಎಲ್ಲಕ್ಕೂ ಕಣ್ಣು ಮುಚ್ಚಿಕೊಂಡು ಎಕ್ಸ್‌ಪೋಶರ್ ಏರಿಸಬೇಡಿ. ನಿಮ್ಮ ತಾಯಿಯ ಆ ಫೋಟೊವನ್ನೇ ತೆಗೆದುಕೊಂಡು ನಾಲ್ಕು ಪ್ರತಿ ಮಾಡಿ: ಇದ್ದ ಹಾಗೆ ಒಂದು, 0.3 ಸ್ಟಾಪ್ ಹೆಚ್ಚಿಸಿ ಒಂದು, 0.6, 0.9. ನಾಲ್ಕನ್ನೂ 4×6 ಅಳತೆಯಲ್ಲಿ ಹಾಕಿಸಿ, ಯಾವುದು ಯಾವುದು ಎಂದು ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಕಾಫಿಯ ದುಡ್ಡೂ ಆಗುವುದಿಲ್ಲ. ಡಾರ್ಕ್‌ರೂಮಿನ ಕಾಲದಲ್ಲಿ ಟೆಸ್ಟ್ ಸ್ಟ್ರಿಪ್ ಎಂದು ಮಾಡುತ್ತಿದ್ದದ್ದು ಇದನ್ನೇ. ಆಮೇಲೆ ಆ ನಾಲ್ಕರಲ್ಲಿ ಒಪ್ಪಿಗೆಯಾದುದನ್ನು ಮಾನಿಟರಿನ ಪಕ್ಕದ ಗೋಡೆಗೆ ಅಂಟಿಸಿಕೊಳ್ಳಿ.

ನನ್ನದೇ ಕತೆ ಹೇಳುತ್ತೇನೆ. ಪ್ರೆಸ್ಸಿನಲ್ಲಿ ಪ್ರೂಫ್ ಕೈಗೆ ಬಂದರೆ ಜಗಲಿಗೆ ತೆಗೆದುಕೊಂಡು ಹೋಗಿ ಬಿಸಿಲಿನಲ್ಲಿ ನೋಡದೆ ಸಹಿ ಹಾಕುತ್ತಿರಲಿಲ್ಲ. ಅಷ್ಟೆಲ್ಲ ಕಲಿತವನು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ, ಹೊರಗೆ ಹಿಮ ಬಿದ್ದು ಕಿಟಕಿಯೆಲ್ಲ ಬೆಳ್ಳಗೆ ಹೊಳೆಯುತ್ತಿರುವಾಗ, ಅದಕ್ಕೆ ಸರಿಗಟ್ಟುವಂತೆ ಮಾನಿಟರನ್ನು ತುದಿಗೆ ಏರಿಸಿಕೊಂಡು ಮಗಳ ರಂಗಪ್ರವೇಶದ ಅರವತ್ತು ಫೋಟೊ ಎಡಿಟ್ ಮಾಡಿ ಕಳಿಸಿದ್ದೆ. ಬಂದ ಪ್ರಿಂಟುಗಳನ್ನು ನೋಡಿ ನನ್ನಾಕೆ, ‘ಕರೆಂಟ್ ಹೋದಾಗ ಕುಣಿದಳಾ?’ ಎಂದಳು.

ಕ್ಯಾಲಿಬ್ರೇಟರ್ ಎಂಬ ಉಪಕರಣ ಕೊಳ್ಳಲೇಬೇಕೆ? ಕಣ್ಣಳತೆಯಲ್ಲಿ ಆಗುವುದಿಲ್ಲವೆ?
— ಎಡಿಸನ್

ಬ್ರೈಟ್‌ನೆಸ್ ಮಟ್ಟಿಗೆ ಕಣ್ಣಳತೆ ನಡೆಯುತ್ತದೆ. ಬಣ್ಣದ ಮಟ್ಟಿಗೆ ನಡೆಯುವುದಿಲ್ಲ. ಕಣ್ಣು ಬಹಳ ಬೇಗ ಹೊಂದಿಕೊಂಡುಬಿಡುತ್ತದೆ. ನೀಲಿಗೆ ತಿರುಗಿದ ಮಾನಿಟರ್ ಮುಂದೆ ಹತ್ತು ನಿಮಿಷ ಕೂತರೆ ಅದೇ ಬಿಳಿ ಅನ್ನಿಸತೊಡಗುತ್ತದೆ, ಆಮೇಲೆ ಸರಿಯಿರುವ ಫೋಟೊಗೂ ನೀವು ಹಳದಿ ಸುರಿಯುತ್ತೀರಿ.

ಉಪಕರಣ ಕಂಪ್ಯೂಟರ್ ಮೌಸಿನಷ್ಟು ದೊಡ್ಡದು. ಪರದೆಯ ಮೇಲೆ ತೂಗುಹಾಕಬೇಕು. ಜೊತೆಗೆ ಬರುವ ತಂತ್ರಾಂಶ ಒಂದಾದ ಮೇಲೊಂದು ಬಣ್ಣದ ಚೌಕಗಳನ್ನು ತೋರಿಸುತ್ತದೆ. ‘ನಾನು ಇಂಥ ಕೆಂಪು ಕೇಳಿದೆ, ಪರದೆ ಇಂಥ ಕೆಂಪು ಕೊಟ್ಟಿತು’ ಎಂದು ಉಪಕರಣ ಅಳೆಯುತ್ತದೆ. ಮೊದಲು ಬಿಳಿ, ಬೂದುಗಳನ್ನು ಸರಿಪಡಿಸುತ್ತದೆ, ಅದು ಕ್ಯಾಲಿಬ್ರೇಶನ್. ಉಳಿದ ವ್ಯತ್ಯಾಸವನ್ನೆಲ್ಲ ಒಂದು ಸಣ್ಣ ಫೈಲಿನಲ್ಲಿ ಬರೆದಿಡುತ್ತದೆ, ಅದು ಪ್ರೊಫೈಲ್. ಫೋಟೊಶಾಪ್, ಲೈಟ್‌ರೂಮ್‌ನಂಥವು ಆ ಫೈಲನ್ನು ಓದಿಕೊಂಡು ಬಣ್ಣ ತೋರಿಸುತ್ತವೆ. ಈ ಪ್ರೊಫೈಲುಗಳು ಎಲ್ಲ ಕಂಪನಿಗಳ ಯಂತ್ರಗಳಿಗೂ ಅರ್ಥವಾಗುವಂತಿರಲಿ ಎಂದು 1993ರಲ್ಲಿ ಎಂಟು ಕಂಪನಿಗಳು ಸೇರಿ ಐಸಿಸಿ ಎಂಬ ಒಕ್ಕೂಟ ಕಟ್ಟಿದವು. ‘ಐಸಿಸಿ ಪ್ರೊಫೈಲ್’ ಎಂದಾಗ ಕ್ರಿಕೆಟ್ ನೆನಪಿಗೆ ಬಂದರೆ ತಪ್ಪು ನಿಮ್ಮದಲ್ಲ.

ತಂತ್ರಾಂಶ ಕೇಳುವ ಮೂರು ಪ್ರಶ್ನೆಗೆ ಹೀಗೆ ಉತ್ತರಿಸಿ: ವೈಟ್ ಪಾಯಿಂಟ್ 6500 ಕೆಲ್ವಿನ್ (ಡಿ65 ಎಂದೂ ಇರುತ್ತದೆ), ಗಾಮಾ 2.2, ಬ್ರೈಟ್‌ನೆಸ್ 100. ಮಾನಿಟರ್ ಹಾಕಿ ಅರ್ಧ ಗಂಟೆಯಾದರೂ ಆದ ಮೇಲೆ ಅಳೆಯಿರಿ. ತಿಂಗಳಿಗೊಮ್ಮೆ ಸಾಕು.

ಬೆಲೆ ಸುಮಾರು ನೂರೈವತ್ತರಿಂದ ಮುನ್ನೂರು ಡಾಲರ್. ಸ್ಪೈಡರ್ ಮತ್ತು ಕ್ಯಾಲಿಬ್ರೈಟ್ ಎರಡೂ ಸಿಗುತ್ತವೆ, ಮನೆಬಳಕೆಗೆ ಯಾವುದಾದರೂ ಸರಿ. ಸ್ಪೈಡರ್ ಮಾಡುವ ಡೇಟಾಕಲರ್ ನಮ್ಮ ನೆರೆಯದೇ: ರೂಟ್ 1 ಹಿಡಿದು ಪ್ರಿನ್ಸ್‌ಟನ್ ದಾಟಿದರೆ ಸಿಗುವ ಲಾರೆನ್ಸ್‌ವಿಲ್‌ನಲ್ಲಿ ಅವರ ಕಚೇರಿ. ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳುವವರು ಮೆಟುಚೆನ್ ಸ್ಟೇಷನ್ನಿನಲ್ಲಿ ನಾರ್ತ್ ಈಸ್ಟ್ ಕಾರಿಡಾರ್ ರೈಲು ಹತ್ತಿ ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನಲ್ಲಿಳಿದು ನೈನ್ತ್ ಅವೆನ್ಯೂವಿನ ಬಿ ಆ್ಯಂಡ್ ಎಚ್ ಕ್ಯಾಮೆರಾ ಅಂಗಡಿಗೆ ನಡೆದು ಹೋಗಬಹುದು. ಸಾಮಾನು ತುಂಬಿದ ಹಸಿರು ಟ್ರೇಗಳು ತಲೆಯ ಮೇಲೆ ಹರಿದಾಡುವುದನ್ನು ನೋಡಲಿಕ್ಕಾದರೂ ಒಮ್ಮೆ ಹೋಗಬೇಕು. ಶನಿವಾರ ಮಾತ್ರ ಹೋಗಬೇಡಿ, ಯಹೂದಿ ಸಬ್ಬತ್ತಿಗೆ ಅಂಗಡಿ ಮುಚ್ಚಿರುತ್ತದೆ. ಶುಕ್ರವಾರವೂ ಮಧ್ಯಾಹ್ನವೇ ಬಾಗಿಲು ಹಾಕುತ್ತಾರೆ. ಗೊತ್ತಿಲ್ಲದೆ ಹೋಗಿ ಬಾಗಿಲು ನೋಡಿಕೊಂಡು ವಾಪಸು ಬಂದವನ ಮಾತಿದು.

ತಿಂಗಳಿಗೆ ಹತ್ತು ನಿಮಿಷದ ಕೆಲಸಕ್ಕೆ ಒಬ್ಬೊಬ್ಬರೂ ಒಂದೊಂದು ಕೊಳ್ಳಬೇಕಿಲ್ಲ. ನಾಲ್ಕು ಮನೆಯವರು ಸೇರಿ ಒಂದು ತರಿಸಬಹುದು, ತಂತ್ರಾಂಶದ ಷರತ್ತು ಅದಕ್ಕೆ ಒಪ್ಪುತ್ತದೆಯೇ ಎಂದು ಮಾತ್ರ ಓದಿಕೊಳ್ಳಿ. ಇನ್ನೊಂದು ಮಾತು: ಅಳೆದ ಮಾತ್ರಕ್ಕೆ ಅಗ್ಗದ ಲ್ಯಾಪ್‌ಟಾಪಿನ ಪರದೆ ಚಿನ್ನವಾಗುವುದಿಲ್ಲ. ತಲೆ ಸ್ವಲ್ಪ ಎತ್ತಿದರೆ ಬಣ್ಣ ಬದಲಾಗುವ ಪರದೆಯನ್ನು ಎಷ್ಟು ಅಳೆದರೂ ಅಷ್ಟೇ. ಆ ದುಡ್ಡಿಗೆ ಮೊದಲು ಯಾವ ಕಡೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಒಂದು ಐಪಿಎಸ್ ಮಾನಿಟರ್ ತನ್ನಿ.

ಎಸ್‌ಆರ್‌ಜಿಬಿಯೋ ಅಡೋಬಿ ಆರ್‌ಜಿಬಿಯೋ?
— ಇಸೆಲಿನ್

ಲ್ಯಾಬಿಗೆ ಕಳಿಸುವುದಾದರೆ ಎಸ್‌ಆರ್‌ಜಿಬಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ ಬಣ್ಣದ ಮಾನದಂಡ ಅದು, ಹೆಚ್ಚಿನ ಲ್ಯಾಬುಗಳು ನಿರೀಕ್ಷಿಸುವುದೂ ಅದನ್ನೇ. ಅಡೋಬಿ ಆರ್‌ಜಿಬಿ ಫೈಲು ಕೊಟ್ಟು, ಆ ಕಡೆಯ ಯಂತ್ರ ಅದನ್ನು ಗುರುತಿಸದೆ ಹೋದರೆ ಎಲ್ಲರೂ ಮೂರು ದಿನ ಜ್ವರ ಬಂದು ಎದ್ದವರ ಹಾಗೆ ಕಾಣುತ್ತಾರೆ.

ಫೋನಿನಲ್ಲಿ ಅಡ್ಡಲಾಗಿ ತೆಗೆದ ಫೋಟೊಗಳನ್ನು 4×6 ಹಾಕಿಸಿದರೆ ಮೇಲೆ ತಲೆ, ಕೆಳಗೆ ಕಾಲು ಹೋಗುತ್ತದೆ. ಏಕೆ?
— ಪಿಸ್ಕಾಟವೇ

ಫೋನಿನ ಚೌಕಟ್ಟು 4:3, ಕಾಗದದ್ದು 3:2. ಉಳಿದದ್ದನ್ನು ಯಂತ್ರ ಕತ್ತರಿಸುತ್ತದೆ. ಕಳಿಸುವ ಮೊದಲು ನೀವೇ ಕ್ರಾಪ್ ಮಾಡಿ, ಇಲ್ಲವೇ ಬಿಳಿ ಅಂಚು ಬಿಟ್ಟು ಹಾಕಿಸಿ.

ಸೀಮಂತಕ್ಕೆ ಅಮ್ಮ ಮೈಸೂರಿನಿಂದ ತಂದುಕೊಟ್ಟ ರಾಣಿ ಪಿಂಕ್ ಮೈಸೂರು ಸಿಲ್ಕ್ ಉಟ್ಟಿದ್ದೆ. ಫೋನಿನಲ್ಲಿ ಜಗಜಗಿಸುತ್ತದೆ. ಪ್ರಿಂಟಿನಲ್ಲಿ ಬೀಟ್‌ರೂಟ್ ಪಲ್ಯದ ಬಣ್ಣ! ನೆರಿಗೆಯೂ ಕಾಣುವುದಿಲ್ಲ, ಜರಿ ಅಂತೂ ಸೆಣಬಿನ ದಾರದ ಥರ ಬಂದಿದೆ. ಫೋಟೊಗ್ರಾಫರ್ ತಪ್ಪೆ?
— ಎಡಿಸನ್‌ನಿಂದ ಒಬ್ಬ ಹೊಸ ತಾಯಿ

ಮೊದಲು ಅಭಿನಂದನೆ. ಮಗುವಿನ ಫೋಟೊಗಳ ಕಾಟ ಇನ್ನು ಮುಂದೆ ಶುರು.

ರಾಣಿ ಪಿಂಕ್ ಎರಡು ಕಡೆ ಸಾಯುತ್ತದೆ: ಒಂದು ಕ್ಯಾಮೆರಾದಲ್ಲಿ, ಇನ್ನೊಂದು ಕಾಗದದಲ್ಲಿ. ಕ್ಯಾಮೆರಾ ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಇಂಥ ಸೀರೆಯಲ್ಲಿ ಹಸಿರು ಬಹಳ ಕಡಿಮೆ, ಕೆಂಪು ಅಂಚು ಮೀರುತ್ತದೆ. ಒಟ್ಟು ಬೆಳಕು ಸರಿಯಿದ್ದರೂ ಕೆಂಪೊಂದು ಮಾತ್ರ ಹಂಡೆ ತುಂಬಿ ಚೆಲ್ಲಿಹೋಗುತ್ತದೆ. ಚೆಲ್ಲಿದ ಕಡೆ ನೆರಿಗೆಯ ಉಬ್ಬೂ ತಗ್ಗೂ ಒಂದೇ ಸಂಖ್ಯೆ. ಎಡಿಟಿಂಗ್ ತಂತ್ರಾಂಶದಲ್ಲಿ ಹಿಸ್ಟೋಗ್ರಾಮನ್ನು ಮೂರು ಬಣ್ಣವಾಗಿ ಬಿಡಿಸಿ ನೋಡಿ. ಕೆಂಪು ರೇಖೆ ಬಲಗಡೆ ಗೋಡೆಗೆ ಅಂಟಿಕೊಂಡಿದ್ದರೆ ಅದೇ. ಫೋಟೊಗ್ರಾಫರ್ ಬಳಿ ರಾ ಫೈಲ್ (ಕ್ಯಾಮೆರಾ ಅಳೆದದ್ದು ಹಾಗೇ ಇರುವ ಮೂಲ ಫೈಲ್) ಇದ್ದರೆ ಕೇಳಿ ಪಡೆಯಿರಿ, ಬಹಳಷ್ಟು ಮರಳಿ ಬರುತ್ತದೆ. ಜೆಪೆಗ್ ಮಾತ್ರ ಇದ್ದರೆ ಹೋದ ನೆರಿಗೆ ಹೋದಂತೆಯೇ.

ಇನ್ನು ಕಾಗದ. ಪರದೆಯ ಮಜೆಂತಾ ಬೆಳಕಿನಿಂದ ಆದದ್ದು, ಕಾಗದದ್ದು ಬಣ್ಣದ ಪದರದಿಂದ. ಪರದೆಗೆ ಸಾಧ್ಯವಾದ ಕೆಲವು ಬಣ್ಣಗಳು ಕಾಗದದ ಕೈಗೆ ಎಟುಕುವುದೇ ಇಲ್ಲ. ಎಟುಕದ್ದನ್ನೆಲ್ಲ ಅದು ತನಗೆ ಸಾಧ್ಯವಾದ ಕೊನೆಯ ಬಣ್ಣಕ್ಕೆ ತಂದು ನಿಲ್ಲಿಸುತ್ತದೆ. ನೆರಿಗೆ ಎರಡನೆಯ ಸಲ ಮಾಯವಾಗುವುದು ಅಲ್ಲಿ. ಇದನ್ನು ಮೊದಲೇ ನೋಡಬಹುದು. ಒಳ್ಳೆಯ ಲ್ಯಾಬುಗಳು ತಮ್ಮ ಕಾಗದದ ಪ್ರೊಫೈಲ್ ಕೊಡುತ್ತವೆ. ಅದನ್ನು ಇಳಿಸಿಕೊಂಡು ಸಾಫ್ಟ್ ಪ್ರೂಫ್ ಹಾಕಿದರೆ ಆ ಕಾಗದದ ಮೇಲೆ ಹೇಗೆ ಬರುತ್ತದೆಂದು ಪರದೆಯೇ ತೋರಿಸುತ್ತದೆ. ಗ್ಯಾಮಟ್ ವಾರ್ನಿಂಗ್ ಒತ್ತಿದರೆ ಎಟುಕದ ಭಾಗಗಳಿಗೆ ಬೇರೆ ಬಣ್ಣ ಬಳಿದುಕೊಳ್ಳುತ್ತದೆ. ನಿಮ್ಮ ಸೀರೆಯ ಅರ್ಧ ಭಾಗ ಹಾಗಾದರೆ ಗಾಬರಿಯಾಗಬೇಡಿ.

ಈಗ ಮಾಡಬೇಕಾದದ್ದು ಮನಸ್ಸಿಗೆ ಒಪ್ಪದ ಕೆಲಸ: ಪಿಂಕನ್ನು ಹೆಚ್ಚಿಸಬೇಡಿ, ಇಳಿಸಿ. ಮಜೆಂತಾ ಮತ್ತು ಕೆಂಪಿನ ಸ್ಯಾಚುರೇಶನ್ ಹತ್ತು ಹದಿನೈದು ಅಂಕ ಇಳಿಸುತ್ತಾ ಬನ್ನಿ. ಯಾವುದೋ ಒಂದು ಹಂತದಲ್ಲಿ ನೆರಿಗೆಗಳು ತಟ್ಟನೆ ಎದ್ದು ಬರುತ್ತವೆ. ಅಲ್ಲಿ ನಿಲ್ಲಿಸಿ. ನೆರಿಗೆ ಕಂಡರೆ ಸೀರೆ ರೇಷ್ಮೆ ಎಂದು ಕಣ್ಣು ತಾನೇ ತಿಳಿದುಕೊಳ್ಳುತ್ತದೆ, ಬಣ್ಣ ಒಂದು ಕೈ ಕಡಿಮೆಯಾದರೂ ಕ್ಷಮಿಸುತ್ತದೆ.

ಜರಿಯದು ಬೇರೆ ಕತೆ. ಲೋಹದ ಹೊಳಪನ್ನು ಕಾಗದ ಎಂದೂ ಅಚ್ಚು ಮಾಡಲಾರದು. ಕಂದು, ಹಳದಿ ಮತ್ತು ಅಲ್ಲಲ್ಲಿ ಬಿಳಿ ಚುಕ್ಕೆ, ಇಷ್ಟರಲ್ಲೇ ಅದು ಚಿನ್ನ ಎಂದು ನಂಬಿಸಬೇಕು. ಆ ಬಿಳಿ ಚುಕ್ಕೆಗಳನ್ನು ಉಳಿಸಿಕೊಳ್ಳಿ. ಹೈಲೈಟ್ ಸ್ಲೈಡರನ್ನು ಎಡಕ್ಕೆ ಎಳೆದು ಎಲ್ಲವನ್ನೂ ಹದ ಮಾಡುವವರು ಮೊದಲು ಕೊಲ್ಲುವುದೇ ಜರಿಯನ್ನು. ಅಂಚಿಗೆ ಮಾತ್ರ ಸ್ವಲ್ಪ ಶಾರ್ಪ್‌ನೆಸ್ ಕೊಡಿ. ಮ್ಯಾಟ್ ಕಾಗದ ಬೇಡ, ಲಸ್ಟರ್ ಅಥವಾ ಗ್ಲಾಸಿ ಹಾಕಿಸಿ. ಮ್ಯಾಟ್‌ನಲ್ಲಿ ಕಪ್ಪು ಅಷ್ಟು ಗಾಢವಾಗುವುದಿಲ್ಲ, ಪಕ್ಕದಲ್ಲಿ ಕಪ್ಪಿಲ್ಲದಿದ್ದರೆ ಜರಿ ಹೊಳೆಯುವುದಿಲ್ಲ.

ಮತ್ತೆ, ಎಡಿಟ್ ಮಾಡುವಾಗ ಸೀರೆಯನ್ನು ಬೀರುವಿನಿಂದ ತೆಗೆದು ತೊಡೆಯ ಮೇಲೆ ಹಾಕಿಕೊಳ್ಳಿ. ಹಗಲಿನಲ್ಲಿ, ಉತ್ತರದ ಕಿಟಕಿಯ ಪಕ್ಕ. ನೆನಪಿನಲ್ಲಿರುವ ಸೀರೆಯ ಬಣ್ಣ ಯಾವಾಗಲೂ ನಿಜಕ್ಕಿಂತ ಗಾಢ. ನನ್ನಾಕೆ ಉಡುವ ನವಿಲುಗಣ್ಣಿನ ಬಣ್ಣದ ಸೀರೆಯೊಂದಿದೆ, ಹಾಸಿನಲ್ಲಿ ಒಂದು ಬಣ್ಣದ ನೂಲು, ಹೊಕ್ಕಿನಲ್ಲಿ ಇನ್ನೊಂದು ಬಣ್ಣದ್ದು. ಅದನ್ನು ಎರಡು ವರ್ಷ ನಾನು ಹಸಿರು ಮಾಡಿ ಅಚ್ಚು ಹಾಕಿದೆ, ಅವಳು ನೀಲಿ ಎಂದು ವಾದಿಸಿದಳು. ಮಡಿಸಿ ಕೈಗೆ ಕೊಟ್ಟಾಗ ಗೊತ್ತಾಯಿತು, ಇಬ್ಬರೂ ಬೇರೆಬೇರೆ ಕೋನದಲ್ಲಿ ನಿಂತಿದ್ದೆವು.

ಮನೆಯ ಪ್ರಿಂಟರಿನಲ್ಲಿ ಎಲ್ಲರ ಮುಖವೂ ಗುಲಾಬಿಗೆ ತಿರುಗುತ್ತದೆ. ಕಾರ್ಟ್ರಿಜ್ ಬದಲಿಸಿದ್ದಾಯಿತು. ನಮ್ಮಂಥ ಗೋಧಿ, ಕಪ್ಪು ಬಣ್ಣದವರ ಮುಖಕ್ಕೆ ಈ ಯಂತ್ರಗಳು ಒಗ್ಗುವುದಿಲ್ಲವೇನೋ?
— ಮೆಟುಚೆನ್

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬೇಗ ಮುಗಿಯುತ್ತದೆ. ಫೋಟೊಶಾಪ್ ಬಣ್ಣ ಸರಿಪಡಿಸಿ ಕಳಿಸುತ್ತಿದೆ, ಪ್ರಿಂಟರಿನ ಡ್ರೈವರ್ ಇನ್ನೊಮ್ಮೆ ಸರಿಪಡಿಸುತ್ತಿದೆ. ಸಾರಿಗೆ ಇಬ್ಬರು ಉಪ್ಪು ಹಾಕಿದ ಹಾಗೆ. ಪ್ರಿಂಟ್ ಕಿಟಕಿಯಲ್ಲಿ ‘ಫೋಟೊಶಾಪ್ ಮ್ಯಾನೇಜಸ್ ಕಲರ್ಸ್’ ಆರಿಸಿ, ಕಾಗದಕ್ಕೆ ತಕ್ಕ ಪ್ರೊಫೈಲ್ ಕೊಡಿ, ಡ್ರೈವರಿನೊಳಗೆ ಹೋಗಿ ಕಲರ್ ಮ್ಯಾನೇಜ್‌ಮೆಂಟನ್ನು ಆಫ್ ಮಾಡಿ. ಕಾಗದದ ಜಾತಿ ಆಯ್ಕೆಯೂ ಸರಿಯಿರಲಿ. ಇಷ್ಟಕ್ಕೆ ಹತ್ತರಲ್ಲಿ ಒಂಬತ್ತು ಪ್ರಿಂಟರುಗಳ ಗುಲಾಬಿ ಇಳಿಯುತ್ತದೆ.

ಎರಡನೆಯ ಪ್ರಶ್ನೆ ನೀವು ಬೇಸರದಿಂದ ಕೇಳಿದ್ದಿರಬಹುದು, ಆದರೆ ಅದರ ಹಿಂದೆ ನಿಜವಾದ ಚರಿತ್ರೆಯಿದೆ. ನಮ್ಮ ಪಕ್ಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಕೊಡಾಕ್ ಕಂಪನಿಯ ಊರು. ಲ್ಯಾಬುಗಳು ತಮ್ಮ ಯಂತ್ರ ಹೊಂದಿಸಿಕೊಳ್ಳಲು ಕೊಡಾಕ್ ಒಂದು ಮಾದರಿ ಫೋಟೊ ಕಳಿಸುತ್ತಿತ್ತು. ಅದರಲ್ಲಿದ್ದವಳು ಬಿಳಿಯ ಹೆಂಗಸು. ಮೊದಲ ಮಾಡೆಲ್ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರಾಯಿತು. ದಶಕಗಳ ಕಾಲ ಲ್ಯಾಬುಗಳಲ್ಲಿ ‘ಸರಿಯಾದ ಚರ್ಮ’ ಎಂದರೆ ಶರ್ಲಿಯ ಚರ್ಮ. ಕಪ್ಪು ಮೈಬಣ್ಣದವರ ಮುಖದಲ್ಲಿ ಹಲ್ಲು, ಕಣ್ಣು ಬಿಟ್ಟು ಉಳಿದದ್ದು ಮುಚ್ಚಿಹೋಗುತ್ತಿತ್ತು. ಕಂದು ಬಣ್ಣದ ಛಾಯೆಗಳು ಸರಿಯಾಗಿ ಬರುವುದಿಲ್ಲ ಎಂದು ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಕಂಪನಿಗಳು ದೂರಿದ ಮೇಲೆ ಫಿಲ್ಮ್ ಸುಧಾರಿಸುವ ಕೆಲಸಕ್ಕೆ ವೇಗ ಬಂತು. ಬೇರೆಬೇರೆ ಮೈಬಣ್ಣದ ಹೆಂಗಸರಿರುವ ಕಾರ್ಡ್ ಬಂದದ್ದು 1990ರ ದಶಕದಲ್ಲಿ.

ಈಗಿನ ಯಂತ್ರಗಳು ಎಷ್ಟೋ ವಾಸಿ. ಮೈಬಣ್ಣ ಅಳಿಸುವ ಕೆಲಸವನ್ನು ಈಗ ನಾವೇ ಮಾಡಿಕೊಳ್ಳುತ್ತಿದ್ದೇವೆ. ಫೋನಿನ ಬ್ಯೂಟಿ ಫಿಲ್ಟರ್ ಹಾಕಿ ಅತ್ತೆ, ಸೊಸೆ, ಪುರೋಹಿತರನ್ನೆಲ್ಲ ಒಂದೇ ಮೈದಾ ಬಣ್ಣಕ್ಕೆ ತರುವ ಫೋಟೊಗಳು ನನಗೆ ವಾರಕ್ಕೆರಡು ಬರುತ್ತವೆ. ಅವನ್ನು ನಾನು ಅಚ್ಚು ಹಾಕಿಕೊಡುವುದಿಲ್ಲ.

ಮುಖದ ಬಣ್ಣ ಸರಿಯಿದೆಯೇ ಎಂದು ಸಂಖ್ಯೆಯಲ್ಲಿ ನೋಡುವುದಾದರೆ ಕೆನ್ನೆಯ ಮೇಲೆ ಕರ್ಸರ್ ಇಡಿ. ಕೆಂಪು ಎಲ್ಲಕ್ಕಿಂತ ಹೆಚ್ಚು, ಹಸಿರು ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ ಇರಬೇಕು. ನೀಲಿ ಏರಿ ಹಸಿರನ್ನು ಮುಟ್ಟಿದರೆ ಮುಖ ಗುಲಾಬಿ. ಕುಂಕುಮ, ಅರಿಸಿನ ಹಚ್ಚಿದ ಜಾಗದಲ್ಲಿ ಮಾತ್ರ ಅಳೆಯಬೇಡಿ.

ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಮಕ್ಕಳ ಯಕ್ಷಗಾನದ ಫೋಟೊ ತೆಗೆದೆ. ವೇದಿಕೆಯ ಎಲ್‌ಇಡಿ ದೀಪದಿಂದ ವೇಷಗಳೆಲ್ಲ ನೇರಳೆ. ವೈಟ್ ಬ್ಯಾಲೆನ್ಸ್ ಎಷ್ಟು ತಿರುಗಿಸಿದರೂ ಸರಿಹೋಗುವುದಿಲ್ಲ.
— ಬ್ರಿಡ್ಜ್‌ವಾಟರ್

ಹೋಗುವುದಿಲ್ಲ. ನೇರಳೆ ದೀಪದಲ್ಲಿ ಹಸಿರು, ಹಳದಿಯ ಅಂಶವೇ ಇರುವುದಿಲ್ಲ. ಇಲ್ಲದ ಬೆಳಕನ್ನು ಯಾವ ಸ್ಲೈಡರೂ ಹುಟ್ಟಿಸಲಾರದು. ನೀಲಿಯ ಸ್ಯಾಚುರೇಶನ್ ಇಳಿಸಿ ನೋಡಿ, ಆಗದಿದ್ದರೆ ಕಪ್ಪು-ಬಿಳುಪು ಮಾಡಿ. ಕಿರೀಟದ ಕುಸುರಿ ಬಣ್ಣಕ್ಕಿಂತ ಚೆನ್ನಾಗಿ ಬರುವುದೂ ಉಂಟು. ಮುಂದಿನ ಸಲ ಬಣ್ಣದ ವೇಷ ಬರುವಾಗಲಾದರೂ ಬಿಳಿ ದೀಪ ಹಾಕಲು ದೀಪದವರಿಗೆ ಮೊದಲೇ ಹೇಳಿಡಿ. ಎಣ್ಣೆ ದೀವಟಿಗೆಯ ಹಳದಿಗೆಂದು ಹುಟ್ಟಿದ ಬಣ್ಣಗಾರಿಕೆ ಅದು.

ನಮ್ಮ ತಂದೆಯವರ ಹಳೆಯ ಸ್ಟುಡಿಯೋ ಫೋಟೊವನ್ನು ವಾಟ್ಸ್ಆ್ಯಪಿನಲ್ಲಿ ಮಗನಿಗೆ ಕಳಿಸಿದ್ದೇನೆ. ನ್ಯೂಜೆರ್ಸಿಯ ಮನೆಯ ಹಾಲಿಗೆ 16×20 ಅಳತೆಯಲ್ಲಿ ದೊಡ್ಡದು ಮಾಡಿಸಬೇಕಂತೆ. ಮಸುಕಾಗಿದೆ ಎನ್ನುತ್ತಾನೆ. ಮೂಲ ಫೋಟೊ 6×8 ಇಂಚಿನದು, ಗಾಜಿಗೆ ಅಂಟಿಕೊಂಡಿದೆ. ಬಿಡಿಸಲೇ?
— ಮೈಸೂರಿನಿಂದ ಒಬ್ಬ ತಾಯಿ

ದಯವಿಟ್ಟು ಬಿಡಿಸಬೇಡಿ ಅಮ್ಮಾ. ಗಾಜಿಗೆ ಅಂಟಿದ್ದು ಫೋಟೊದ ಜೆಲಟಿನ್ ಪದರ, ಎಳೆದರೆ ಮುಖ ಗಾಜಿನ ಮೇಲೆ ಉಳಿಯುತ್ತದೆ, ಕೈಗೆ ಬರೀ ಕಾಗದ ಬರುತ್ತದೆ.

ವಾಟ್ಸ್ಆ್ಯಪ್ ಮಾಮೂಲಾಗಿ ಕಳಿಸಿದ ಫೋಟೊವನ್ನು ಕುಗ್ಗಿಸಿ ಉದ್ದದ ಬದಿಯನ್ನು 1600 ಪಿಕ್ಸೆಲ್ ಆಸುಪಾಸಿಗೆ ತರುತ್ತದೆ. ಅದನ್ನು 20 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 80 ಪಿಕ್ಸೆಲ್. ಹಾಲಿನ ಗೋಡೆಯ ಚಿತ್ರಕ್ಕೆ 200 ಆದರೂ ಬೇಕು, ಕೈಯಲ್ಲಿ ಹಿಡಿದು ನೋಡುವುದಾದರೆ 300. ಆದ್ದರಿಂದ ಗಾಜಿನ ಸಮೇತ ಒಳ್ಳೆಯ ಸ್ಕ್ಯಾನರ್ ಇರುವ ಸ್ಟುಡಿಯೋಗೆ ತೆಗೆದುಕೊಂಡು ಹೋಗಿ, ‘600 ಡಿಪಿಐ, ಟಿಫ್ ಫೈಲ್, ಬಣ್ಣದಲ್ಲಿ’ ಎಂದು ಚೀಟಿಯಲ್ಲಿ ಬರೆದು ಕೊಡಿ. ಕಪ್ಪು-ಬಿಳುಪು ಫೋಟೊಗೆ ಬಣ್ಣದ ಸ್ಕ್ಯಾನ್ ಏಕೆ ಎಂದು ಅವರು ಕೇಳುತ್ತಾರೆ. ಕಲೆ, ತೇವದ ಗುರುತುಗಳು ಹಳದಿಯಾಗಿರುವುದರಿಂದ ಬಣ್ಣದಲ್ಲಿದ್ದರೆ ಬೇರ್ಪಡಿಸಿ ತೆಗೆಯುವುದು ಸುಲಭ. ಹೀಗೆ ಬಂದ ಫೈಲು ಉದ್ದಕ್ಕೆ 4800 ಪಿಕ್ಸೆಲ್ ಇರುತ್ತದೆ, 16×20ಕ್ಕೆ ಧಾರಾಳ. ಮಗನಿಗೆ ಕಳಿಸುವಾಗ ವಾಟ್ಸ್ಆ್ಯಪಿನಲ್ಲೇ ಆದರೂ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ, ಕುಗ್ಗುವುದಿಲ್ಲ.

ಹಳೆಯ ಬೆಳ್ಳಿ ಪ್ರಿಂಟುಗಳಲ್ಲಿ ಕಪ್ಪು ಭಾಗದ ಮೇಲೆ ನೀಲಿ ಛಾಯೆಯ ಲೋಹದ ಹೊಳಪು ಕಟ್ಟಿರುತ್ತದೆ. ಸ್ಕ್ಯಾನರಿನಲ್ಲಿ ಅದು ಬಿಳಿ ಮಂಜಾಗಿ ಬರುತ್ತದೆ. ಹಾಗಾದರೆ ಸ್ಕ್ಯಾನ್ ಬಿಟ್ಟು ಕ್ಯಾಮೆರಾದಿಂದ ತೆಗೆಸಿ: ಫ್ಲ್ಯಾಶ್ ಇಲ್ಲದೆ, ಎರಡೂ ಪಕ್ಕದಿಂದ ಓರೆಯಾಗಿ ಬೆಳಕು ಬೀಳುವಂತೆ.

ಮಗನಿಗೊಂದು ಮಾತು. ಹಳೆಯ ಮುಖವನ್ನು ಒಂದು ಕ್ಲಿಕ್ಕಿಗೆ ಹೊಸದು ಮಾಡುವ ಎಐ ಆ್ಯಪುಗಳಿಗೆ ಈ ಫೋಟೊ ಕೊಡಬೇಡಿ. ಇಲ್ಲದ ರೆಪ್ಪೆ, ಇಲ್ಲದ ತುಟಿಯಂಚನ್ನು ಅವು ಊಹಿಸಿ ಬರೆಯುತ್ತವೆ. ತಾತನ ಕೋಟು ಪೇಟದೊಳಗೆ ಬೇರೆ ಯಾರೋ ಬಂದು ಕೂತಿರುತ್ತಾರೆ, ಅಮ್ಮನಿಗೆ ಮೊದಲ ನೋಟಕ್ಕೇ ಗೊತ್ತಾಗಿಬಿಡುತ್ತದೆ. ಗೀರು, ಧೂಳನ್ನು ಕೈಯಿಂದಲೇ ತೆಗೆಯಿರಿ, ಎರಡು ಸಂಜೆಯ ಕೆಲಸ. ಅಚ್ಚು ಹಾಕಿಸುವಾಗ ಪೂರಾ ಕಪ್ಪು-ಬಿಳುಪು ಬೇಡ. ಬಣ್ಣದ ಕಾಗದದ ಮೇಲೆ ಒಂದು ಕೂದಲೆಳೆಯಷ್ಟು ಹಸಿರು ಅಥವಾ ಗುಲಾಬಿ ಸೇರಿಕೊಂಡರೂ ಬೂದು ಬಣ್ಣ ಚಾಡಿ ಹೇಳುತ್ತದೆ. ಮೂಲದಲ್ಲಿರುವ ಕಂದು ಛಾಯೆಯನ್ನೇ ತುಸು ಉಳಿಸಿಕೊಳ್ಳಿ.

ಅಂಕಲ್, ಅಜ್ಜಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ ದೊಡ್ಡ ಪ್ರಿಂಟ್ ಮಾಡಿಸಿದೆ. ಅಂಗಡಿಯಲ್ಲಿ ಪರ್ಫೆಕ್ಟ್ ಇತ್ತು. ನಮ್ಮ ಡೈನಿಂಗ್ ರೂಮಲ್ಲಿ ತೂಗುಹಾಕಿದರೆ ಹಳದಿ. ಮೋಸ ಮಾಡಿದ್ರಾ?
— ಮೆಟುಚೆನ್ ಹೈಸ್ಕೂಲ್ ವಿದ್ಯಾರ್ಥಿನಿ (ಅಮ್ಮನ ಕೈಯಿಂದ ಬರೆಸಿದ್ದು)

ಇಲ್ಲ ಪುಟ್ಟಾ. ನಿಮ್ಮ ಡೈನಿಂಗ್ ರೂಮಿನ ಬಲ್ಬ್ ಹಳದಿ. 1879ರಲ್ಲಿ ಥಾಮಸ್ ಎಡಿಸನ್ ತನ್ನ ಬಲ್ಬ್ ಉರಿಸಿದ ಮೆನ್ಲೊ ಪಾರ್ಕ್ ನಮ್ಮೂರಿನ ಪಕ್ಕದಲ್ಲೇ ಇದೆಯಲ್ಲ, ಅಲ್ಲಿ ಶುರುವಾದ ಹಳದಿ ಇನ್ನೂ ನಮ್ಮ ಮನೆಗಳಿಂದ ಹೋಗಿಲ್ಲ. ಎಲ್‌ಇಡಿ ಬಂದರೂ ಊಟದ ಮನೆಗೆ 2700 ಕೆಲ್ವಿನ್ನಿನದೇ ತರುತ್ತಾರೆ. ಮುದ್ರಣದವರು ಬಣ್ಣ ಒಪ್ಪುವುದು 5000 ಕೆಲ್ವಿನ್ ಬೆಳಕಿನಲ್ಲಿ. ಅಲ್ಲದೆ ಬಹಳಷ್ಟು ಕಾಗದಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತದೆ, ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಅದು ನೀಲಿಯಾಗಿ ಬೆಳಗುತ್ತದೆ. ನಿಮ್ಮ ಬಲ್ಬಿನಲ್ಲಿ ಆ ಕಿರಣ ಇಲ್ಲ.

ಚಿತ್ರದ ಮೇಲೆ ಬೀಳುವಂತೆ 3500–4000 ಕೆಲ್ವಿನ್ನಿನ, ಸಿಆರ್‌ಐ (ಬಣ್ಣಗಳನ್ನು ನಿಜಕ್ಕೆ ಎಷ್ಟು ಹತ್ತಿರ ತೋರಿಸುತ್ತದೆ ಎಂಬ ಅಂಕ) 90 ದಾಟಿದ ಒಂದು ಸಣ್ಣ ದೀಪ ಹಾಕಿಸು. ಬಿಸಿಲು ನೇರ ಬೀಳುವ ಗೋಡೆಗೆ ಮಾತ್ರ ತೂಗುಹಾಕಬೇಡ. ಅಜ್ಜಿಗೆ ನನ್ನ ನಮಸ್ಕಾರ ಹೇಳು.

ನೀವು ಹೇಳಿದ ಹಾಗೆ ಬ್ರೈಟ್‌ನೆಸ್ ಇಳಿಸಿದೆ. ಮನೆಯಲ್ಲಿ ಎಲ್ಲರೂ ಲ್ಯಾಪ್‌ಟಾಪ್ ಕೆಟ್ಟುಹೋಗಿದೆ ಎನ್ನುತ್ತಿದ್ದಾರೆ. ನನಗೂ ಮಂಕಾಗಿಯೇ ಕಾಣುತ್ತದೆ.
— ಮೇಲೆ ಮೊದಲ ಪತ್ರ ಬರೆದವರು (ಉತ್ತರವನ್ನು ಅವರಿಗೆ ಅಂದೇ ಕಳಿಸಿದ್ದೆ)

ಎರಡು ದಿನ ಹಾಗೇ ಬಿಡಿ. ಮೂರನೆಯ ದಿನ ರಾತ್ರಿ ಅರ್ಧ ಗಂಟೆ ಅದರ ಮುಂದೆ ಕೂತು, ಆಮೇಲೆ ಮನೆಯಲ್ಲಿ ಯಾರದಾದರೂ ಫೋನ್ ಇಸಿದುಕೊಂಡು ನೋಡಿ. ‘ಇಷ್ಟು ಬೆಳಕು ಯಾಕೆ ಇಟ್ಟುಕೊಂಡಿದ್ದೀರಿ’ ಎಂದು ನೀವೇ ಬೈಯುತ್ತೀರಿ. ಆ ನಾಲ್ಕು 4×6ಗಳಲ್ಲಿ ನಿಮ್ಮ ತಾಯಿಗೆ ಯಾವುದು ಹಿಡಿಸಿತು ಎಂದು ಮಾತ್ರ ನನಗೆ ಬರೆಯಿರಿ. 0.6 ಎಂದು ನನ್ನ ಊಹೆ.